ಅಳಿಯದ ಲೇಯರ್‌ಗಳ ಬಗ್ಗೆ ಚಿಕ್ಕಮ್ಮನ ಪತ್ರ

ಸೋಮವಾರಪೇಟೆ

ಮಗನೇ,

ಆಶೀರ್ವಾದಗಳು. ತೋಟದ ಸರ್ವೆ ಡ್ರಾಯಿಂಗ್‌ನಲ್ಲಿ ಹಳೇ ಲೇಯರ್‌ಗಳು (ಗೆರೆಗಳನ್ನು ವಿಂಗಡಿಸಿಡುವ ಪದರಗಳು) ಏನು ಮಾಡಿದರೂ ಹೋಗುತ್ತಿಲ್ಲ ಅಂದೆಯಲ್ಲ. ಆಟೋಕ್ಯಾಡ್ ಎಂಬ ಈ ನಕ್ಷೆ ಬಿಡಿಸುವ ಸಾಫ್ಟ್‌ವೇರಿನಲ್ಲಿ ಅಳಿಯದ ಲೇಯರನ್ನು ಏನೋ ಒಂದು ಹಿಡಿದುಕೊಂಡಿರುತ್ತದೆ. ಅದೇನೆಂದು ತಿಳಿಯದೆ ಲೇಡೆಲ್ ಆಜ್ಞೆ ಕೊಡಬೇಡ. ಅದು ಲೇಯರ್ ಮೇಲಿರುವುದನ್ನೆಲ್ಲ ಅಳಿಸುತ್ತದೆ, ಬ್ಲಾಕ್‌ಗಳ (ಒಂದೇ ವಸ್ತುವಾಗಿ ಜೋಡಿಸಿಟ್ಟ ಚಿತ್ರಗಳ) ಒಳಗಿನ ಗೆರೆಗಳನ್ನೂ ಬಿಡುವುದಿಲ್ಲ. ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಬಾಗಿಲು ಕಿಟಕಿ ಮಾಯವಾದದ್ದು ಪ್ರಿಂಟ್ ತೆಗೆದ ಮೇಲಷ್ಟೇ ಗೊತ್ತಾದೀತು. ಮೊದಲು ಫೈಲಿನ ಪ್ರತಿ ಮಾಡಿಟ್ಟುಕೋ. ಮಡಿಕೇರಿಯ ಮಳೆಗಾಲದ ಕರೆಂಟನ್ನಂತೂ ನಂಬಬೇಡ.

ಸೊನ್ನೆ ಲೇಯರ್, ಡೆಫ್‌ಪಾಯಿಂಟ್ಸ್ ಇವೆರಡರ ತಂಟೆಗೆ ಹೋಗಬೇಡ. ಅಳತೆ ಹಾಕಿದಾಗ ಡೆಫ್‌ಪಾಯಿಂಟ್ಸ್ ತಾನೇ ಹುಟ್ಟುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಈಗ ಕೆಲಸ ಮಾಡುತ್ತಿರುವ ಲೇಯರೂ ಅಳಿಯದು. ಸೊನ್ನೆಯನ್ನು ಕರೆಂಟ್ (ಸದ್ಯ ಕೆಲಸದ) ಲೇಯರ್ ಮಾಡಿಕೋ. ಹೆಸರಿನ ನಡುವೆ ನೆಟ್ಟಗೆ ನಿಂತ ಗೆರೆ ಕಂಡರೆ ಅದು ಎಕ್ಸ್‌ರೆಫ್‌ನಿಂದ, ಅಂದರೆ ಹೊರಗಿನಿಂದ ಜೋಡಿಸಿದ ಬೇರೆ ಡ್ರಾಯಿಂಗ್ ಫೈಲಿನಿಂದ, ಬಂದದ್ದು. ಆ ಫೈಲ್ ಬೇಡವಾದರೆ ಡಿಟ್ಯಾಚ್ ಮಾಡು (ಬೇರ್ಪಡಿಸು). ಬೇಕಾದರೆ ಬೈಂಡ್ ಮಾಡುವಾಗ (ನಿನ್ನ ಡ್ರಾಯಿಂಗ್‌ಗೇ ಸೇರಿಸುವಾಗ) ಇನ್ಸರ್ಟ್ ಆರಿಸು, ಇಲ್ಲವಾದರೆ ಹೆಸರಿನ ನಡುವೆ ಡಾಲರ್ ಚಿಹ್ನೆಗಳು ಸೇರಿಕೊಳ್ಳುತ್ತವೆ.

ಉಳಿದವಕ್ಕೆ ಎಲ್ಲ ಲೇಯರ್‌ಗಳನ್ನೂ ಆನ್, ಥಾ (ಫ್ರೀಜ್ ಬಿಡಿಸುವುದು), ಅನ್‌ಲಾಕ್ ಮಾಡಿ ಲೇವಾಕ್ ಕೊಡು. ಪಟ್ಟಿಯಲ್ಲಿ ಲೇಯರ್ ಆರಿಸಿದರೆ ಅದರಲ್ಲಿರುವುದು ಮಾತ್ರ ಪರದೆಯಲ್ಲಿ ಉಳಿಯುತ್ತದೆ. ಕ್ಯೂಸೆಲೆಕ್ಟ್‌ನಿಂದಲೂ ಹುಡುಕಬಹುದು, ಆದರೆ ಅದು ತೆರೆದಿರುವ ಜಾಗವನ್ನಷ್ಟೇ ನೋಡುತ್ತದೆ. ಚಿತ್ರ ಬಿಡಿಸುವ ಜಾಗವಾದ ಮಾಡೆಲ್‌ನಲ್ಲಿ ಏನೂ ಸಿಗಲಿಲ್ಲವೆಂದು ಕೈಬಿಡಬೇಡ, ಒಂದೊಂದೇ ಲೇಔಟ್‌ಗೆ (ಪ್ರಿಂಟಿನ ಹಾಳೆಗೆ) ಹೋಗಿ ನೋಡು. ಬಹಳ ಸಲ ವ್ಯೂಪೋರ್ಟಿನ (ಹಾಳೆಯಲ್ಲಿ ಚಿತ್ರ ತೋರಿಸುವ ಕಿಟಕಿಯ) ಚೌಕಟ್ಟೇ ಆ ಲೇಯರ್‌ನಲ್ಲಿ ಕೂತಿರುತ್ತದೆ. ಕಣ್ಣಿಗೆ ಬೀಳದ ಖಾಲಿ ಟೆಕ್ಸ್ಟ್, ಸೊನ್ನೆ ಉದ್ದದ ಗೆರೆಗಳೂ ಹಿಡಿದಿರಬಹುದು. ಬಳಕೆಯಲ್ಲಿಲ್ಲದ್ದನ್ನು ತೆಗೆದುಹಾಕುವ ಪರ್ಜ್ ಆಜ್ಞೆಯ ಮೊದಲಕ್ಷರಕ್ಕೂ ಮುಂಚೆ ಅಡ್ಡಗೆರೆ (-) ಹಾಕಿ ಕೊಟ್ಟು, ಒಮ್ಮೆ ಇ, ಇನ್ನೊಮ್ಮೆ ಝಡ್ ಒತ್ತಿದರೆ ಅವು ಹೋಗುತ್ತವೆ.

ನಿನ್ನ ಡ್ರಾಯಿಂಗ್‌ನಲ್ಲಿ ಸಿಲ್ವರ್ ಓಕ್ ಮರಗಳ ಬ್ಲಾಕ್‌ಗಳ ಮೇಲೆಯೇ ನನಗೆ ಗುಮಾನಿ. ಮರ ಬೇರೆ ಲೇಯರ್‌ನಲ್ಲಿ ಕೂತಿದ್ದರೂ ಅದರೊಳಗಿನ ಒಂದು ವೃತ್ತ ಹಳೇ ಲೇಯರ್‌ನಲ್ಲಿದ್ದರೆ ಸಾಕು, ಪರ್ಜ್ ಅದನ್ನು ಮುಟ್ಟುವುದಿಲ್ಲ. ಬಿಎಡಿಟ್‌ನಲ್ಲಿ ಬ್ಲಾಕ್ ತೆರೆದು ಒಳಗಿನದೆಲ್ಲವನ್ನೂ ಸೊನ್ನೆ ಲೇಯರ್‌ಗೆ ಸರಿಸಿ ಉಳಿಸು. ಬಣ್ಣ ಬೈಲೇಯರ್ (ಲೇಯರ್‌ನದೇ ಬಣ್ಣ) ಆಗಿದ್ದರೆ, ಸೊನ್ನೆಯಲ್ಲಿದ್ದದ್ದು ಬ್ಲಾಕ್ ಕೂತ ಲೇಯರ್‌ನ ಬಣ್ಣವನ್ನೇ ತಾಳುತ್ತದೆ. ಬ್ಲಾಕ್‌ನೊಳಗೆ ಬ್ಲಾಕ್ ಇದ್ದರೆ ಅದನ್ನೂ ತೆರೆ. ಮರದ ಸಂಖ್ಯೆ ಅಟ್ರಿಬ್ಯೂಟ್ (ಬ್ಲಾಕ್‌ಗೆ ಅಂಟಿಕೊಂಡ ಬರಹ) ಆಗಿದ್ದರೆ ಅಟ್‌ಸಿಂಕ್ ಕೊಡಲೇಬೇಕು. ಮೊದಲೇ ನೆಟ್ಟ ಮರಗಳ ಅಟ್ರಿಬ್ಯೂಟ್ ತಾನಾಗಿ ಲೇಯರ್ ಬದಲಿಸುವುದಿಲ್ಲ. ಆಮೇಲೆ ಪರ್ಜ್‌ನಲ್ಲಿ ನೆಸ್ಟೆಡ್ (ಒಂದರೊಳಗೊಂದಿರುವವೂ ಸೇರಿ) ಆಯ್ಕೆಗೆ ಗುರುತು ಹಾಕಿ ನಡೆಸು.

ಗೆರೆ ಬೇಕು, ಲೇಯರ್ ಬೇಡ ಎಂದರೆ ಲೇಮರ್ಜ್ ಇದೆ: ಬೇಡದ್ದನ್ನು ಮೊದಲು ಆರಿಸು, ಸೇರಿಸಬೇಕಾದದ್ದನ್ನು ಕೊನೆಗೆ. ಇಷ್ಟಾದರೂ ಜಗ್ಗದಿದ್ದರೆ ಆಡಿಟ್ ಕೊಟ್ಟು, ತಪ್ಪು ಸರಿಪಡಿಸಲೇ ಎಂದಾಗ ವೈ ಒತ್ತಿ, ಮತ್ತೊಮ್ಮೆ ಪರ್ಜ್ ಮಾಡು. ಲೇಡೆಲ್ ಅದಕ್ಕೂ ಆಮೇಲಿನ ಮಾತು, ಅದೂ ಪ್ರತಿಯ ಮೇಲೆ.

ಇತಿ,
ಚಿಕ್ಕಮ್ಮ