ಮಾಡಿಫೈ ಮಾಡಿದ ಹಳೇ ಕಾರಿಗೂ ಬೇರೆ ಅಂಕಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ಹಳೇ ಕಾರುಗಳ ಪ್ರದರ್ಶನ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಚಂದದ ಫೋಟೊಗಳು ಬರುತ್ತವೆ. ಯಾವ ಕಾರಿಗೆ ಕಪ್ ಬಂತು ಅಂತಲೂ ಇರುತ್ತದೆ. ಯಾಕೆ ಬಂತು ಅನ್ನೋದು ಮಾತ್ರ ಇರುವುದಿಲ್ಲ. ಎಷ್ಟೋ ಸಲ ಕಾರಿನ ಮಾಲೀಕರಿಗೇ ಅದು ಗೊತ್ತಾಗುವುದಿಲ್ಲ. ಮಾಡಿಫೈ ಮಾಡಿದ ಕಾರು ತಂದವರಿಗಂತೂ ಇನ್ನೂ ಕಷ್ಟ.

ಮೂಲ ರೂಪದಲ್ಲಿರುವ ಕಾರಿಗೆ ಅಂಕ ಹಾಕಲು ಒಂದು ದಾರಿ ಇದೆ. ಕಂಪನಿಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇದೆಯಾ ನೋಡು, ಬದಲಾಗಿದ್ದರೆ ಅಂಕ ಕಳೆ. ಅದೇ ಪಟ್ಟಿ ಹಿಡಿದು ಮಾಡಿಫೈಡ್ ಕಾರು ನೋಡುವುದು ಅಂದರೆ ಇಡ್ಲಿ ಗರಿಗರಿಯಾಗಿದೆಯಾ ಅಂತ ಪರೀಕ್ಷೆ ಮಾಡಿದ ಹಾಗೆ. ಕೊನೆಗೆ ತೀರ್ಪುಗಾರರು ಅದನ್ನು ಪಕ್ಕಕ್ಕಿಡುತ್ತಾರೆ. ಇಲ್ಲವೇ ಮಿರಮಿರ ಪೇಂಟು, ದಪ್ಪ ಅಲಾಯ್ ವೀಲು ನೋಡಿ ಒಂದು ಸಮಾಧಾನದ ಬಹುಮಾನ ಕೊಟ್ಟು ಕಳಿಸುತ್ತಾರೆ. ಎರಡೂ ತಪ್ಪು.

ನಮ್ಮ ರಸ್ತೆಗಳ ಕಥೆಯನ್ನೇ ನೋಡಿ. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಪೆಟ್ರೋಲ್ ಖರ್ಚು ತಾಳದೆ ಎಷ್ಟೋ ಜನ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಕಾಂಟೆಸಾ ಕಾರಿಗೆ ಮ್ಯಾಟಡಾರ್ ವ್ಯಾನಿನ ಎಂಜಿನ್ ಹಾಕಿಸಿದವರೂ ಇದ್ದರು. ಪ್ರೀಮಿಯರ್ ಪದ್ಮಿನಿಯ ಸ್ಟೀರಿಂಗ್ ಪಕ್ಕದ ಗೇರು ಕೈಕೊಟ್ಟಾಗ ಫ್ಲೋರ್ ಗೇರು ಮಾಡಿಸಿಕೊಂಡರು. ಕೊನೆಗಾಲದ ಪದ್ಮಿನಿಗೆ ಕಂಪನಿಯೇ ಫ್ಲೋರ್ ಗೇರು ಕೊಟ್ಟಿತು, ಅದು ಬೇರೆ ಮಾತು. ಇದೆಲ್ಲ ಶೋಕಿಗೆ ಮಾಡಿದ್ದಲ್ಲ. ಕಾರು ಓಡಬೇಕಿತ್ತು, ಮಾಡಿಸಿದರು. ಹಾಗೆ ಬದಲಾದ ಟ್ಯಾಕ್ಸಿಯೂ ಚರಿತ್ರೆಯೇ ಅಲ್ವಾ? ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕೂಡ, ಆಯಾ ಕಾಲದಲ್ಲೇ ಮಾಡಿದ ಬದಲಾವಣೆಗೆ ತನ್ನ ವರ್ಗೀಕರಣದಲ್ಲಿ ಬೇರೆ ಜಾಗ ಕೊಟ್ಟಿದೆ. ನಾವು ಯಾಕೆ ಕೊಡಬಾರದು?

ಹಾಗಂತ ಏನು ಮಾಡಿದರೂ ಸೈ ಅಂತಲ್ಲ. ಒಂದು ಪ್ರದರ್ಶನದಲ್ಲಿ ನಾನು ನೋಡಿದ ಫಿಯೆಟ್‌ಗೆ ಮುಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿದ್ದರು. ಒಳ್ಳೇ ಯೋಚನೆಯೇ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಬ್ರೇಕ್ ಹೋಸು, ಅಂದರೆ ಬ್ರೇಕ್ ಎಣ್ಣೆಯ ರಬ್ಬರ್ ಪೈಪು, ಟೈರಿಗೆ ಉಜ್ಜುತ್ತಿತ್ತು. ರಬ್ಬರ್ ಮೇಲೆ ಬೆಳ್ಳಗೆ ಗೀಟು ಬಿದ್ದಿತ್ತು. ಡಿಕ್ಕಿಯಲ್ಲಿಟ್ಟ ಬ್ಯಾಟರಿಗೆ ಕ್ಲಾಂಪೇ ಇರಲಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ವೈರುಗಳನ್ನು ಹೊಸೆದು ಟೇಪು ಸುತ್ತಿದ್ದರು, ನಡುವೆ ಒಂದು ಫ್ಯೂಸೂ ಇಲ್ಲ. ತೀರ್ಪುಗಾರರು ಬಾನೆಟ್ ತೆಗೆಸಿ, ಕ್ರೋಮ್ ಹೊಳಪು ನೋಡಿ ತಲೆದೂಗಿ ಮುಂದೆ ಹೋದರು. ಯಾರೂ ಬಗ್ಗಿ ಕಾರಿನ ಕೆಳಗೆ ನೋಡಲಿಲ್ಲ. ಒಂದು ಮ್ಯಾಗ್ನೆಟ್ ತಂದಿದ್ದರೂ ಸಾಕಿತ್ತು. ಅದು ಬಾಗಿಲ ಕೆಳಗೆ ಅಂಟದಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಮೆತ್ತಿದ್ದಾರೆ ಅಂತ ಯಾವ ಟಿಂಕರಿಂಗ್ ಹುಡುಗನೂ ಹೇಳುತ್ತಾನೆ.

ಅಂಕ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹಳ ವರ್ಷ ನಡೆಸಿದ ಲೆಕ್ಕ ನೋಡುವಂಥದ್ದು. ತುಂಬಾ ಬದಲಾಯಿಸಿದ ಕಾರು ಹಳೇ ನಂಬರು ಉಳಿಸಿಕೊಳ್ಳಲು 8 ಅಂಕ ಪಡೆಯಬೇಕಿತ್ತು. ಮೂಲ ಷಾಸಿ (ಕಾರಿನ ಅಡಿಚೌಕಟ್ಟು) ಅಥವಾ ಬಾಡಿಶೆಲ್‌ಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2. ಎಂಜಿನ್‌ಗೆ ಬರೀ 1. ನಮ್ಮಲ್ಲಿ ಎಲ್ಲರೂ ಮೊದಲು ಕೇಳುವುದೇ ಎಂಜಿನ್ ಯಾವುದು ಅಂತ! ಅದು ಪ್ರದರ್ಶನದ ನಿಯಮವಲ್ಲ, ನೋಂದಣಿಯ ನಿಯಮ, ನಿಜ. ಆದರೆ ಕಾರಿನ ಜೀವ ಎಲ್ಲಿದೆ ಅನ್ನೋದನ್ನು ಅದು ಚೆನ್ನಾಗಿ ಹಿಡಿದಿದೆ ಅಂತ ನನ್ನ ಅನಿಸಿಕೆ.

ಮಾಡಿಫೈಡ್ ವಿಭಾಗದಲ್ಲಿ ನಾನಾದರೆ ಅರ್ಧ ಅಂಕ ಬ್ರೇಕು, ಸ್ಟೀರಿಂಗು, ವೈರಿಂಗು, ವೆಲ್ಡಿಂಗಿಗೇ ಇಡುತ್ತೇನೆ. ಆಮೇಲೆ, ಬೇಕಾದಾಗ ಕಾರನ್ನು ಮೊದಲಿನ ಹಾಗೆ ಮಾಡಲು ಬರುತ್ತದಾ ಅನ್ನೋದು. ಬೋಲ್ಟ್ ಬಿಚ್ಚಿದರೆ ವಾಪಸ್ ಬರುವ ಕೆಲಸ ಬೇರೆ, ಕಟ್ಟರ್ ಹಾಕಿ ಫೆಂಡರ್ ಕತ್ತರಿಸಿದ್ದು ಬೇರೆ. ಪೇಂಟಿಗೂ ಒಂದಿಷ್ಟು ಅಂಕ ಇರಲಿ, ಬೇಡ ಅನ್ನೋಲ್ಲ.

ಆರ್‌ಸಿ ಬುಕ್ಕನ್ನೂ ನೋಡಲೇಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ವಾಹನ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಹಿಂದೆಯೇ ಆರ್‌ಟಿಒದಲ್ಲಿ ನಮೂದಿಸಿ ಮಾಡಿಸಿದ ಡೀಸೆಲ್ ಕಾರಿನ ಮಾತು ಬೇರೆ. ಆದರೆ ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಇರುವ ಕಾರಿಗೆ ಕಪ್ ಕೊಟ್ಟರೆ ಪ್ರದರ್ಶನ ನಡೆಸುವ ಕ್ಲಬ್ಬಿನ ಹೆಸರೇ ಹಾಳು.

ಕ್ಲಬ್ಬುಗಳಿಗೆ ನನ್ನ ಕೋರಿಕೆ ಇಷ್ಟು. ತೀರ್ಪುಗಾರರಲ್ಲಿ ಒಬ್ಬರಾದರೂ ಲೇತು, ವೆಲ್ಡಿಂಗ್ ಮಾಡಿ ಕೈ ಮಸಿ ಮಾಡಿಕೊಂಡ ಮೇಸ್ತ್ರಿ ಇರಲಿ. ಅಂಕಪಟ್ಟಿಯ ಒಂದು ಪ್ರತಿಯನ್ನು ಸಹಿ ಹಾಕಿ ಮಾಲೀಕರ ಕೈಗೆ ಕೊಡಲಿ. ಎಲ್ಲಿ ಅಂಕ ಹೋಯಿತು ಅಂತ ಗೊತ್ತಾದರೆ ಆ ಫಿಯೆಟ್‌ನವರು ಮುಂದಿನ ಸಲ ಬರುವ ಹೊತ್ತಿಗೆ ಬ್ರೇಕ್ ಹೋಸಾದರೂ ಸರಿಮಾಡಿಸಿಕೊಂಡು ಬರುತ್ತಾರೆ.

— ಹಳೇ ಕಾರಿನ ಅಭಿಮಾನಿ, ಬೆಂಗಳೂರು