ಸರ್ವರ್ ಲಾಗಿನ್: ಶನಿವಾರದಿಂದ ಬದಲಾವಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೆಬ್ಬಾಳ ಆಫೀಸಿನ ವೈಲ್ಡ್‌ಫ್ಲೈ ಸರ್ವರ್‌ನ (ಜಾವಾ ಅಪ್ಲಿಕೇಶನ್‌ಗಳನ್ನು ನಡೆಸುವ ತಂತ್ರಾಂಶ) ಅಡ್ಮಿನ್ ಕನ್ಸೋಲ್‌ಗೆ, ಅಂದರೆ ಅದನ್ನು ನಿರ್ವಹಿಸುವ ಪುಟಕ್ಕೆ, ಲಾಗಿನ್ ಆದ ಯಾರು ಬೇಕಾದರೂ ಈಗ ಏನು ಬೇಕಾದರೂ ಮಾಡಬಹುದು. ಅದರ ಮೂಲ ಸೆಟ್ಟಿಂಗ್ ಇರುವುದೇ ಹಾಗೆ. ಶನಿವಾರ ಸಂಜೆ ಅದನ್ನು 'ಆರ್‌ಬಿಎಸಿ'ಗೆ ಬದಲಾಯಿಸುತ್ತೇವೆ. ಅಂದರೆ ಪ್ರತಿ ಲಾಗಿನ್‌ಗೂ ಒಂದು ಪಾತ್ರ (ರೋಲ್) ಕೊಟ್ಟು, ಆ ಪಾತ್ರಕ್ಕೆ ತಕ್ಕಷ್ಟೇ ಅನುಮತಿ ಕೊಡುವುದು.

ಸುಮ್ನೆ ಸರ್ವರ್ ಸ್ಥಿತಿ, ಮೆಮೊರಿ ನೋಡುವವರಿಗೆ 'ಮಾನಿಟರ್' ಪಾತ್ರ ಸಾಕು. ರಾತ್ರಿ ಪಾಳಿಯವರಿಗೆ ಆಪರೇಟರ್: ಸರ್ವರ್ ನಿಲ್ಲಿಸಿ ಶುರು ಮಾಡಬಹುದು, ಕಾನ್ಫಿಗರೇಷನ್ ಬದಲಾಯಿಸಲು ಆಗುವುದಿಲ್ಲ. ಹೊಸ ವಾರ್ ಫೈಲ್ (ಅಪ್ಲಿಕೇಶನ್‌ನ ಪ್ಯಾಕೇಜ್) ಹಾಕುವವರಿಗೆ ಡಿಪ್ಲಾಯರ್. ಡೇಟಾಬೇಸ್ ಪಾಸ್‌ವರ್ಡ್‌ನಂಥ ಗುಟ್ಟಿನ ವಿವರ ಈ ಮೂವರಿಗೂ ಕಾಣುವುದಿಲ್ಲ. ಅದೇ ದೊಡ್ಡ ನೆಮ್ಮದಿ ಅಲ್ವಾ?

ಬದಲಾವಣೆ ಮಾಡುವವರು ಮೊದಲು ತಮ್ಮ ಲಾಗಿನ್ ಅನ್ನು ಎಲ್ಲ ಅನುಮತಿ ಇರುವ 'ಸೂಪರ್‌ಯೂಸರ್' ಪಾತ್ರಕ್ಕೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಕನ್ಸೋಲ್ ನಿಮ್ಮನ್ನೂ ಒಳಗೆ ಬಿಡುವುದಿಲ್ಲ.

ಒಂದೇ ಲಾಗಿನ್ ಹಂಚಿಕೊಳ್ಳುವುದು ಇನ್ನು ಬೇಡ. ನಿಮಗೆ ಯಾವ ಪಾತ್ರ ಬೇಕು ಅಂತ ಶುಕ್ರವಾರ ಮಧ್ಯಾಹ್ನದೊಳಗೆ ಇಲ್ಲೇ ಬರೆಯಿರಿ. ಪಾಸ್‌ವರ್ಡ್ ಮಾತ್ರ ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.