500 ರೂಪಾಯಿಯ ಲೆಕ್ಕ

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಕೊಳೆಗೇರಿಯ ಆ ತಾಯಿಗಾಗಿ ನಿನಗಾಗಿರುವ ಸಂಕಟ ನಿಜವಾದದ್ದು. ಆದರೆ ಹದಿನಾಲ್ಕು ಪುಟಗಳಲ್ಲಿ ‘ಬಡತನ’ ಎಂಬ ಪದ ಹನ್ನೊಂದು ಸಲ ಬಂದಿದೆ. ಅವಳ ಸೆರಗಿನ ಗಂಟಿನಲ್ಲಿ ಎಷ್ಟು ದುಡ್ಡಿದೆ ಎಂಬುದು ಒಮ್ಮೆಯೂ ಬಂದಿಲ್ಲ.

ಮೀರಾ ನಾಯರ್ ನಿರ್ದೇಶಿಸಿದ ‘ಸಲಾಂ ಬಾಂಬೆ’ ನೋಡಿದ್ದೀಯಾ? 1988ರ ಹಿಂದಿ ಚಿತ್ರ. ಅದರಲ್ಲಿ ಕೃಷ್ಣ ಎಂಬ ಹುಡುಗ ಅಣ್ಣನ ಮೇಲಿನ ಸಿಟ್ಟಿಗೆ ಮೋಟಾರ್ ಬೈಕೊಂದಕ್ಕೆ ಬೆಂಕಿ ಇಟ್ಟಿದ್ದಾನೆ. 500 ರೂಪಾಯಿ ದುಡಿದು ತರುವ ತನಕ ಮನೆಯ ಕಡೆ ತಲೆ ಹಾಕಬೇಡ ಎಂದು ತಾಯಿ ಅವನನ್ನು ಸರ್ಕಸ್ಸಿಗೆ ಬಿಟ್ಟಿದ್ದಾಳೆ. ಸರ್ಕಸ್ಸು ಅವನನ್ನು ಬಿಟ್ಟು ಹೊರಟುಹೋಗುತ್ತದೆ, ಹುಡುಗ ಮುಂಬೈ ಸೇರುತ್ತಾನೆ. ಚಹಾ ಹೊರುವ ಕೆಲಸ ಸಿಗುತ್ತದೆ, ಹೆಸರು ಹೋಗುತ್ತದೆ. ಬೀದಿಗೆಲ್ಲ ಅವನು ಈಗ ‘ಚಾಯ್‌ಪಾವ್’.

ಆ 500 ರೂಪಾಯಿಯ ಮೇಲೆ ಕಣ್ಣಿಟ್ಟು ಚಿತ್ರ ನೋಡು. ಚಹಾದ ಕೂಲಿ, ಮದುವೆ ಮನೆಯಲ್ಲಿ ಬಡಿಸುವ ಕೆಲಸ, ಗೆಳೆಯರ ಜೊತೆ ಸೇರಿ ಒಬ್ಬ ಮುದುಕನ ಮನೆಗೆ ನುಗ್ಗುವುದು, ಎಲ್ಲವೂ ಆ ಮೊತ್ತವನ್ನು ಹತ್ತಿರ ತರುತ್ತವೆ, ಇಲ್ಲವೇ ದೂರ ತಳ್ಳುತ್ತವೆ. ಕೂಡಿಟ್ಟದ್ದನ್ನು ಕದಿಯುವವನೂ ಕೇಡಿಗನಲ್ಲ. ಹುಡುಗನನ್ನು ಹಚ್ಚಿಕೊಂಡಿದ್ದ ಚಿಲಂ ಎಂಬ ಗೆಳೆಯ. ಆ ದುಡ್ಡು ಅವನ ಮಾದಕ ವಸ್ತುವಿಗೆ ಹೋಗುತ್ತದೆ, ಅದರಲ್ಲೇ ಅವನ ಜೀವವೂ ಹೋಗುತ್ತದೆ. ಹುಡುಗ ಯಾರ ಮೇಲೆ ಸಿಟ್ಟಾಗಬೇಕು? ಬಡತನ ಮನುಷ್ಯರಿಗೆ ಏನು ಮಾಡುತ್ತದೆ ಎಂಬುದನ್ನು ನನಗೆ ಇಷ್ಟು ನೇರವಾಗಿ ಹೇಳಿದ ಭಾಷಣ ಇನ್ನೊಂದಿಲ್ಲ, ಅಲ್ಲಿ ಭಾಷಣವೇ ಇಲ್ಲದಿದ್ದರೂ.

ಕೊನೆಯ ದೃಶ್ಯದ ಹತ್ತಿರ ಸ್ವಲ್ಪ ನಿಲ್ಲು. ಗಣಪತಿ ಮೆರವಣಿಗೆಯ ನೂಕುನುಗ್ಗಲಲ್ಲಿ ಜೊತೆಯವರು ತಪ್ಪಿಹೋಗಿದ್ದಾರೆ. ಕೃಷ್ಣನ ಕೈಯಿಂದ ಒಂದು ಕೊಲೆಯೂ ಆಗಿಹೋಗಿದೆ. ಹುಡುಗ ಒಬ್ಬನೇ ಕೂತು ಜೇಬಿನಿಂದ ಬುಗುರಿ ತೆಗೆದು ಚಾಟಿ ಸುತ್ತುತ್ತಾನೆ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. ಅವನಿನ್ನೂ ಬುಗುರಿ ಆಡುವ ವಯಸ್ಸಿನವನು ಎಂಬುದು ನಮಗೆ ಆಗ ತಟ್ಟುತ್ತದೆ. ನೀನಾಗಿದ್ದರೆ ಅಲ್ಲೊಂದು ವಾಕ್ಯ ಬರೆದುಬಿಡುತ್ತಿದ್ದೆ. ಬೇಡ, ಬುಗುರಿಯೇ ಸಾಕು.

ಬಹಳ ಹಿಂದೆ ನಾನು ನಮ್ಮ ಬೀದಿಯಲ್ಲಿ ಹೂ ಮಾರುತ್ತಿದ್ದ ಹೆಂಗಸಿನ ಮೇಲೆ ಕಥೆ ಬರೆದು, ಅವರಿಗೇ ಓದಿ ಹೇಳಿದ್ದೆ. ಎಲ್ಲ ಕೇಳಿದ ಮೇಲೆ ಅವರು, ‘ಇದರಲ್ಲಿ ನಾನು ಒಂದು ಸಲವೂ ನಗುವುದಿಲ್ಲವಲ್ಲ ಅಮ್ಮ’ ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ. ಈ ಚಿತ್ರದ ಮಕ್ಕಳು ನಗುತ್ತಾರೆ, ಕಿಚಾಯಿಸುತ್ತಾರೆ, ಸುಳ್ಳು ಹೇಳುತ್ತಾರೆ. ಅವರಲ್ಲಿ ಹೆಚ್ಚಿನವರು ನಿಜವಾಗಿಯೂ ಬೀದಿಯ ಮಕ್ಕಳು. ಚಿತ್ರೀಕರಣಕ್ಕೆ ಮೊದಲು ಅವರಿಗಾಗಿ ಕಾರ್ಯಾಗಾರ ನಡೆಸಿ, ಅವರ ಮಾತು, ನಡೆ, ಅನುಭವಗಳನ್ನು ಹತ್ತಿರದಿಂದ ಕಂಡಿದ್ದರು. ನೀನು ಆ ಕೇರಿಗೆ ಎಷ್ಟು ಸಲ ಹೋಗಿದ್ದೆ?

ಇನ್ನೊಂದು ವಿಷಯ, ಇದು ಬರವಣಿಗೆಯಾಚೆಯದು. ಕೃಷ್ಣನ ಪಾತ್ರ ಮಾಡಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನಿಂದ ಮುಂಬೈಗೆ ಓಡಿಹೋಗಿದ್ದ ಹುಡುಗ. ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಅವನಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಮುಂದೆ ಅವರು ಬೆಂಗಳೂರಿಗೆ ಮರಳಿ ಆಟೋ ಓಡಿಸಿದರು. ಚಿತ್ರತಂಡ ಕೈ ತೊಳೆದುಕೊಂಡಿತು ಎನ್ನಲಾರೆ. ಬೀದಿ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿದ್ದು ಈ ಚಿತ್ರದಿಂದಲೇ, ಅದು ಇಂದಿಗೂ ಇದೆ. ಆದರೂ ರಾಷ್ಟ್ರಪ್ರಶಸ್ತಿ ಮತ್ತು ಆಟೋ, ಈ ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ಸಮಾಧಾನವಾಗುವುದಿಲ್ಲ. ನಿನಗೂ ಆಗದಿರಲಿ.

ಕಥೆಯನ್ನು ಮತ್ತೆ ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬಾ. ಆ ತಾಯಿ ತಿಂಗಳಿಗೆ ಎಷ್ಟು ಬಾಡಿಗೆ ಕೊಡುತ್ತಾಳೆ, ಯಾವ ತಾರೀಖಿಗೆ ಕೊಡಬೇಕು, ಕೊಡಲಾಗದ ತಿಂಗಳು ಯಾರ ಮನೆಯ ಬಾಗಿಲು ತಟ್ಟುತ್ತಾಳೆ ಎಂದು ಕೇಳಿಕೊಂಡು ನನಗೆ ಬರೆ.

ನಿನ್ನ ಅಕ್ಕ